ಬಾಣಂತಿಗೆ ತಲೆನೋವೇ? ತಡಮಾಡಬೇಡಿ

ಹೆರಿಗೆಯಾಗಿ ಹನ್ನೊಂದನೆಯ ದಿನ. ಇಪ್ಪತ್ತಮೂರು ವರ್ಷದ ಆ ಹುಡುಗಿಗೆ ತವರಿನಲ್ಲಿ ಬಾಣಂತನ ನಡೆಯುತ್ತಿತ್ತು. ಮೂರು ದಿನಗಳಿಂದ ತಲೆನೋವು. ಮೊದಲ ದಿನ ಮನೆಯವರು ನಿದ್ದೆಗೆಟ್ಟಿದ್ದರಿಂದ ಎಂದುಕೊಂಡರು. ಎರಡನೆಯ ದಿನ ತಲೆಗೆ ಗಾಳಿ ಸೋಕಿದೆ ಎಂದು ಬಟ್ಟೆಯನ್ನು ಇನ್ನಷ್ಟು ಬಿಗಿದು ಕಟ್ಟಿದರು. ಮೂರನೆಯ ದಿನ ಆಕೆ ಎರಡು ಸಲ ವಾಂತಿ ಮಾಡಿಕೊಂಡಳು, ಅಸಂಬದ್ಧವಾಗಿ ಮಾತನಾಡತೊಡಗಿದಳು. ಬಾಣಂತಿ ಸನ್ನಿ ಎಂದು ಓಣಿಯ ಹಿರಿಯರೊಬ್ಬರು ತೀರ್ಮಾನಿಸಿದರು. ಯಂತ್ರ ಕಟ್ಟಿಸಿದ್ದೂ ಆಯಿತು. ನಾಲ್ಕನೆಯ ದಿನ ಬೆಳಗಿನ ಜಾವ ಬಲಗೈ, ಬಲಗಾಲು ಅದುರಿ ಫಿಟ್ಸ್ ಬಂದ ಮೇಲೆಯೇ ಆಕೆಯನ್ನು ಆಸ್ಪತ್ರೆಗೆ ಕರೆತಂದದ್ದು.

ಆಕೆಗೆ ಸನ್ನಿಯೂ ಆಗಿರಲಿಲ್ಲ, ಗಾಳಿಯೂ ಸೋಕಿರಲಿಲ್ಲ. ಮಿದುಳಿನಿಂದ ರಕ್ತವನ್ನು ಹೊರಗೆ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಕೆ ಬದುಕಿದಳು. ಆರು ತಿಂಗಳ ನಂತರ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಡೆದೇ ಬಂದಳು. ಆದರೆ ಬಲಗೈಯ ಬೆರಳುಗಳಿಗೆ ಮೊದಲಿನ ಚುರುಕು ಬಂದಿರಲಿಲ್ಲ. ತಲೆನೋವು ಶುರುವಾದ ದಿನವೇ ಬಂದಿದ್ದರೆ ಆ ಕೊರತೆ ಬಹುಶಃ ಉಳಿಯುತ್ತಿರಲಿಲ್ಲ. ಈ ವಾರ ಈ ವಿಷಯ ಬರೆಯಲು ಆ ಮೂರು ದಿನಗಳೇ ಕಾರಣ.

ಪಾರ್ಶ್ವವಾಯು, ಅಂದರೆ ನಮ್ಮ ಮಾತಿನಲ್ಲಿ ಲಕ್ವ, ಮುದುಕರ ಕಾಯಿಲೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಇವುಗಳಿಂದ ಬರುವ ಲಕ್ವದ ಬಗ್ಗೆ ಈಗ ಸಾಕಷ್ಟು ಪ್ರಚಾರ ನಡೆದಿದೆ. ಸಂತೋಷ. ಆದರೆ ಇಪ್ಪತ್ತು, ಇಪ್ಪತ್ತೈದರ ಹೆಣ್ಣುಮಕ್ಕಳಿಗೆ, ಅದೂ ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಬರುವ ಈ ಇನ್ನೊಂದು ಬಗೆಯ ಲಕ್ವದ ಬಗ್ಗೆ ಮಾತನಾಡುವವರು ಕಡಿಮೆ.

ಬಚ್ಚಲು ಕಟ್ಟಿದ ಮನೆ

ನಮ್ಮ ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಎರಡರಷ್ಟು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಅದಕ್ಕೇ ಬೇಕು. ಈ ರಕ್ತವನ್ನು ತಂದು ಸುರಿಯುವ ನಾಳಗಳು ಅಪಧಮನಿಗಳು. ಬಳಸಿದ ರಕ್ತವನ್ನು ಹೊರಗೆ ಸಾಗಿಸುವ ನಾಳಗಳು ಅಭಿಧಮನಿಗಳು. ಮಿದುಳಿನ ಮೇಲ್ಮೈಯಲ್ಲಿರುವ ಸಣ್ಣ ಅಭಿಧಮನಿಗಳೆಲ್ಲ ಮಿದುಳಿನ ಹೊದಿಕೆಯೊಳಗಿರುವ ದೊಡ್ಡ ಕಾಲುವೆಗಳಿಗೆ ಸೇರುತ್ತವೆ. ವೈದ್ಯರು ಈ ಕಾಲುವೆಗಳನ್ನೂ ಸೈನಸ್ ಎಂದೇ ಕರೆಯುತ್ತಾರೆ. ನೆಗಡಿಯಾದಾಗ ನೋಯುವ ಮೂಗಿನ ಸೈನಸ್ಸಿಗೂ ಇದಕ್ಕೂ ಸಂಬಂಧವಿಲ್ಲ.

ವಯಸ್ಸಾದವರಲ್ಲಿ ಸಾಮಾನ್ಯವಾಗಿ ಬರುವ ಲಕ್ವದಲ್ಲಿ ಅಪಧಮನಿ ಕಟ್ಟಿಕೊಳ್ಳುತ್ತದೆ. ಅದು ಮನೆಗೆ ಬರುವ ನಲ್ಲಿ ನಿಂತಂತೆ. ಬಾಣಂತಿಯರಲ್ಲಿ ನಾನು ಹೇಳುತ್ತಿರುವ ಕಾಯಿಲೆಯಲ್ಲಿ ಕಟ್ಟಿಕೊಳ್ಳುವುದು ಅಭಿಧಮನಿ. ಅದು ಬಚ್ಚಲು ಕಟ್ಟಿಕೊಂಡಂತೆ. ನಲ್ಲಿಯಲ್ಲಿ ನೀರು ಬರುತ್ತಲೇ ಇದೆ, ಹೊರಗೆ ಹೋಗಲು ದಾರಿಯಿಲ್ಲ. ನೀರು ಹಿಂದಕ್ಕೆ ನಿಂತು, ಏರಿ, ಕೊನೆಗೆ ಗೋಡೆಗೂ ಇಳಿಯುತ್ತದೆ. ಹಾಗೆಯೇ ಮಿದುಳು ಊದಿಕೊಳ್ಳುತ್ತದೆ, ತಲೆಬುರುಡೆಯೊಳಗೆ ಒತ್ತಡ ಏರುತ್ತದೆ, ಕೆಲವರಲ್ಲಿ ಸಣ್ಣ ನಾಳಗಳು ಒಡೆದು ರಕ್ತಸ್ರಾವವೂ ಆಗುತ್ತದೆ. ಬಚ್ಚಲು ಕಟ್ಟಿದ ಮನೆ ಒಂದೇ ಗಳಿಗೆಯಲ್ಲಿ ಮುಳುಗುವುದಿಲ್ಲ. ಈ ಕಾಯಿಲೆಯೂ ಹಾಗೆಯೇ ಬಹುಮಟ್ಟಿಗೆ ನಿಧಾನವಾಗಿ, ಕೆಲವು ದಿನಗಳಲ್ಲಿ ಬೆಳೆಯುತ್ತದೆ. ನಮಗೆ ಸಿಗುವ ಅವಕಾಶವೂ ಇದೇ. ನಾವು ಕಳೆದುಕೊಳ್ಳುತ್ತಿರುವುದೂ ಇದನ್ನೇ.

ಇದು ಹೊಸ ಕಾಯಿಲೆಯಲ್ಲ. ಫ್ರಾನ್ಸಿನ ರೀಬ್ ಎಂಬ ವೈದ್ಯ 1825ರಲ್ಲಿ ಮೊದಲ ಬಾರಿಗೆ ಇದನ್ನು ಒಬ್ಬ ಗಂಡಸಿನಲ್ಲಿ ವರ್ಣಿಸಿದ. ಮೂರೇ ವರ್ಷಗಳ ನಂತರ, 1828ರಲ್ಲಿ, ಸ್ಕಾಟ್ಲೆಂಡಿನ ಅಬರ್‌ಕ್ರೋಂಬಿ ಹೆರಿಗೆಯಾಗಿ ಎರಡು ವಾರಗಳಾಗಿದ್ದ ಹೆಂಗಸೊಬ್ಬಳು ಫಿಟ್ಸ್ ಬಂದು ಸತ್ತ ಪ್ರಸಂಗವನ್ನು ದಾಖಲಿಸಿದ. ನಮ್ಮ ದೇಶದಲ್ಲಿ ಮದುರೆಯ ನರರೋಗತಜ್ಞ ಡಾ. ಕೆ. ಶ್ರೀನಿವಾಸನ್ ಅವರು ಗರ್ಭಿಣಿ, ಬಾಣಂತಿಯರಲ್ಲಿ ಮಿದುಳಿನ ರಕ್ತನಾಳ ಕಟ್ಟಿಕೊಂಡ 135 ಪ್ರಸಂಗಗಳನ್ನು 1983ರಲ್ಲಿಯೇ ಪ್ರಕಟಿಸಿದ್ದರು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಇಂಥ ಬಾಣಂತಿಯರಿಗೆ ಚಿಕಿತ್ಸೆ ನೀಡುತ್ತಾ, ಅದರ ಬಗ್ಗೆ ಬರೆಯುತ್ತಾ ಬಂದಿದ್ದಾರೆ. ಆದ್ದರಿಂದ ತಿಳಿವಳಿಕೆ ನಮ್ಮ ರಾಜ್ಯದಲ್ಲಿಯೇ ಇದೆ. ಅದು ಬಾಣಂತಿಯ ಕೋಣೆಯವರೆಗೆ ಮಾತ್ರ ತಲುಪಿಲ್ಲ.

ಬಾಣಂತಿಗೇ ಏಕೆ?

ಹೆರಿಗೆಯಲ್ಲಿ ರಕ್ತ ಹೋಗುತ್ತದೆ ಎಂಬುದು ದೇಹಕ್ಕೆ ಗೊತ್ತು. ಅದಕ್ಕಾಗಿ ಬಸುರಿನ ತಿಂಗಳುಗಳಲ್ಲಿಯೇ ಅದು ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಸಜ್ಜುಗೊಳಿಸುತ್ತದೆ. ಇದು ತಾಯಿಯನ್ನು ಕಾಪಾಡುವ ಏರ್ಪಾಟು. ಆದರೆ ಹೆರಿಗೆ ಮುಗಿದ ಮರುದಿನವೇ ಈ ಗುಣ ಹೋಗುವುದಿಲ್ಲ. ಸುಮಾರು ಆರು ವಾರ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಉಳಿದಿರುತ್ತದೆ. ಅದರಲ್ಲಿಯೂ ಮೊದಲ ಮೂರು ವಾರ ಹೆಚ್ಚು ಎಚ್ಚರದ ಕಾಲ.

ಇದರ ಮೇಲೆ ರಕ್ತಹೀನತೆ, ಸೋಂಕು, ಜ್ವರ, ಸಿಸೇರಿಯನ್ ಶಸ್ತ್ರಕ್ರಿಯೆ, ಅಲುಗಾಡದೆ ಮಲಗಿರುವುದು, ದೇಹದಲ್ಲಿ ನೀರಿನ ಅಂಶ ಕಡಿಮೆಯಾಗುವುದು, ಇವು ಸೇರಿದರೆ ಅಪಾಯ ಏರುತ್ತದೆ. ಕೆಲವರ ರಕ್ತಕ್ಕೆ ಹುಟ್ಟಿನಿಂದಲೇ ಹೆಪ್ಪುಗಟ್ಟುವ ಸ್ವಭಾವವೂ ಇರುತ್ತದೆ. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಹೆರಿಗೆಯ ಮೇಜಿಗೆ ಏರುವಾಗಲೇ ಅವರು ಸೋತಿರುತ್ತಾರೆ.

ಒಂದು ಲೋಟ ನೀರಿನ ಪ್ರಶ್ನೆ

ಈಗ ನೀವು ಒಪ್ಪದಿರಬಹುದಾದ ಮಾತಿಗೆ ಬರುತ್ತೇನೆ. ನಮ್ಮ ಅನೇಕ ಮನೆಗಳಲ್ಲಿ ಬಾಣಂತಿಗೆ ನೀರು ಕೊಡುವುದಿಲ್ಲ. ಕೊಟ್ಟರೂ ಅಳತೆ ಮಾಡಿ, ಊಟದ ಜೊತೆ ಅರ್ಧ ಲೋಟ ಬಿಸಿನೀರು. ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ, ಮಗುವಿಗೆ ಶೀತವಾಗುತ್ತದೆ, ಹೊಲಿಗೆ ಕೀವಾಗುತ್ತದೆ ಎಂದು ಕಾರಣ ಕೊಡುತ್ತಾರೆ. ಇದರ ಜೊತೆಗೆ ಮುಚ್ಚಿದ ಕೋಣೆ, ಮಂಚದ ಕೆಳಗೆ ಕೆಂಡ, ಕುದಿಯುವಂಥ ನೀರಿನ ಸ್ನಾನ, ಆಮೇಲೆ ಕಂಬಳಿ ಹೊದೆಸಿ ಬೆವರು ಬಿಡಿಸುವುದು. ಇತ್ತ ಕುಡಿಯಲು ನೀರಿಲ್ಲ, ಅತ್ತ ಬೆವರಿನಲ್ಲಿ ನೀರು ಹೋಗುತ್ತಿದೆ, ಮಗುವಿಗೆ ಹಾಲೂ ಊಡಬೇಕು.

ನನ್ನ ಬಳಿ ಬಂದ ಹುಡುಗಿಯ ಅಜ್ಜಿ ಕೇಳಿದರು: “ನಾನು ಐದು ಹೆತ್ತೆ ಸ್ವಾಮಿ, ನಮ್ಮವ್ವ ನನಗೆ ಒಂದು ತಿಂಗಳು ನೀರೇ ಕೊಡಲಿಲ್ಲ. ನನಗೇನಾಯ್ತು?” ನ್ಯಾಯವಾದ ಪ್ರಶ್ನೆ. “ನಿಮಗೆ ಏನೂ ಆಗಲಿಲ್ಲ ಅಜ್ಜಿ, ದೇವರು ದೊಡ್ಡವನು. ಆದರೆ ನಿಮ್ಮ ಓಣಿಯಲ್ಲಿ ಬಾಣಂತಿ ಸನ್ನಿಯಿಂದ ಯಾರೂ ಸಾಯಲಿಲ್ಲವೆ?” ಎಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನನ್ನ ಓರಗಿತ್ತಿಯೇ ಹೋದಳು” ಎಂದರು.

ನಾನು ಬಾಣಂತನದ ಪದ್ಧತಿಯನ್ನೇ ಹೀಯಾಳಿಸುವವನಲ್ಲ. ಹೆತ್ತವಳಿಗೆ ತವರಿನಲ್ಲಿ ವಿಶ್ರಾಂತಿ, ಎಣ್ಣೆ ನೀವಿ ಸ್ನಾನ, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಅಂಟಿನ ಉಂಡೆ, ಜೊತೆಗೆ ಹಗಲು ರಾತ್ರಿ ನೋಡಿಕೊಳ್ಳುವ ಅಮ್ಮ. ಇಂಥ ಆರೈಕೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ನೀರು ಕೊಡದಿರುವುದೊಂದೇ ಈ ಕಾಯಿಲೆಗೆ ಕಾರಣ ಎಂದೂ ನಾನು ಹೇಳುತ್ತಿಲ್ಲ. ಯಥೇಚ್ಛವಾಗಿ ನೀರು ಕುಡಿಯುವ ದೇಶಗಳ ಬಾಣಂತಿಯರಿಗೂ ಇದು ಬರುತ್ತದೆ. ಆದರೆ ಮೊದಲೇ ಹೆಪ್ಪುಗಟ್ಟಲು ಸಿದ್ಧವಾಗಿರುವ ರಕ್ತವನ್ನು ನಾವಾಗಿಯೇ ಏಕೆ ಇನ್ನಷ್ಟು ಗಟ್ಟಿ ಮಾಡಬೇಕು? ಮಗುವಿಗೆ ಎದೆಹಾಲು ಮಾತ್ರ ಊಡುವ ತಾಯಿ ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ಹಾಲು ಕೊಡುತ್ತಾಳೆ. ಆ ನೀರು ಎಲ್ಲಿಂದ ಬರಬೇಕು? ಬಾಯಾರಿದಾಗಲೆಲ್ಲ ಆಕೆ ಕುಡಿಯಲಿ. ನೀರು, ಹಾಲು, ಮಜ್ಜಿಗೆ, ಸಾರು ಎಲ್ಲ ಸೇರಿ ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ಬೇಕು. ತಣ್ಣೀರು ಬೇಡವೆಂದರೆ ಕಾಯಿಸಿ ಆರಿಸಿದ ನೀರನ್ನೇ ಕೊಡಿ. ಜೀರಿಗೆ ಹಾಕಿ ಕುದಿಸಿ ಕೊಡಿ. ಯಾರ ಶಾಸ್ತ್ರಕ್ಕೂ ಭಂಗವಿಲ್ಲ. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಯಿಂದಾಗಿ ವೈದ್ಯರೇ ನೀರಿನ ಮಿತಿ ಹೇಳಿದ್ದರೆ ಮಾತ್ರ ಅದರಂತೆ ನಡೆಯಬೇಕು.

ಯಾವ ಲಕ್ಷಣಕ್ಕೆ ಎಚ್ಚರವಹಿಸಬೇಕು?

ಬಾಣಂತಿಗೆ ತಲೆನೋವು ಬಂದಾಕ್ಷಣ ಗಾಬರಿಯಾಗಬೇಕಿಲ್ಲ. ನಿದ್ದೆಯಿಲ್ಲದ ತಾಯಿಗೆ ಸಾಮಾನ್ಯ ತಲೆನೋವು ಬರುವುದು ಸಹಜ. ಆದರೆ ದಿನದಿಂದ ದಿನಕ್ಕೆ ಹೆಚ್ಚುತ್ತಿರುವ, ಮಾತ್ರೆಗೆ ಬಗ್ಗದ, ಮಲಗಿದಾಗ ಅಥವಾ ಕೆಮ್ಮಿದಾಗ ಜಾಸ್ತಿಯಾಗುವ ತಲೆನೋವನ್ನು ಕಡೆಗಣಿಸಬೇಡಿ. ಅದರ ಜೊತೆ ವಾಂತಿ, ಕಣ್ಣು ಮಂಜಾಗುವುದು, ವಸ್ತು ಎರಡಾಗಿ ಕಾಣುವುದು, ಕೈಕಾಲಿನಲ್ಲಿ ಜೋಮು ಅಥವಾ ಬಲಹೀನತೆ, ಮಾತು ತೊದಲುವುದು, ಮಂಪರು, ಗಲಿಬಿಲಿ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಫಿಟ್ಸ್ ಬಂದರೆ ಆ ಗಳಿಗೆಯೇ 108ಕ್ಕೆ ಕರೆ ಮಾಡಬೇಕು. 21 ದೇಶಗಳ 624 ರೋಗಿಗಳನ್ನು ಗಮನಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 89 ಮಂದಿಗೆ ತಲೆನೋವಿತ್ತು, 39 ಮಂದಿಗೆ ಫಿಟ್ಸ್ ಬಂದಿತ್ತು.

ಇಲ್ಲಿ ವೈದ್ಯರೂ ಎಡವುವುದುಂಟು. ಸಿಸೇರಿಯನ್ನಿಗಾಗಿ ಬೆನ್ನಿಗೆ ಅರಿವಳಿಕೆ ಚುಚ್ಚಿಸಿಕೊಂಡವರಿಗೆ ಒಂದು ಬಗೆಯ ತಲೆನೋವು ಬರುತ್ತದೆ. ಆದರೆ ಅದು ಎದ್ದು ಕುಳಿತಾಗ ಹೆಚ್ಚಾಗಿ, ಮಲಗಿದಾಗ ಇಳಿಯುತ್ತದೆ. ನಾನು ಹೇಳುತ್ತಿರುವ ತಲೆನೋವು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಹೀಗೆ, ಹೋಗುತ್ತದೆ ಎಂದು ಸಮಾಧಾನ ಹೇಳಿ ಕಳಿಸುವ ಮೊದಲು ಈ ಒಂದು ಪ್ರಶ್ನೆಯನ್ನು ಕೇಳಬೇಕು. ಹಾಗೆಯೇ ಬಾಣಂತಿಗೆ ಫಿಟ್ಸ್ ಬಂದರೆ ರಕ್ತದೊತ್ತಡ ಏರಿ ಬರುವ ನಂಜು ಎಂದಷ್ಟೇ ತಿಳಿದು ಸುಮ್ಮನಾಗಬಾರದು. ಎರಡನ್ನೂ ಯೋಚಿಸಬೇಕು.

ಸನ್ನಿಯ ಬಗ್ಗೆಯೂ ಒಂದು ಮಾತು. ಹೆರಿಗೆಯ ನಂತರ ಮನಸ್ಸಿನ ತೀವ್ರ ಕಾಯಿಲೆ ಬರುವುದು ನಿಜ. ಅದಕ್ಕೂ ಒಳ್ಳೆಯ ಚಿಕಿತ್ಸೆಯಿದೆ. ಆದರೆ ತಲೆನೋವು, ವಾಂತಿ ಅಥವಾ ಫಿಟ್ಸ್ ಜೊತೆಗೂಡಿದ ಸನ್ನಿ ಮನಸ್ಸಿನದಲ್ಲ, ಮಿದುಳಿನದು ಎಂದೇ ಮೊದಲು ತಿಳಿಯಿರಿ. ಎರಡೂ ಆಸ್ಪತ್ರೆಯ ಕಾಯಿಲೆಗಳೇ.

ಪರೀಕ್ಷೆಯ ವಿಷಯ. ಸಾಧಾರಣ ಸಿ.ಟಿ. ಸ್ಕ್ಯಾನ್ ಹಲವರಲ್ಲಿ ಏನೂ ಇಲ್ಲವೆಂದೇ ತೋರಿಸಬಹುದು. ಸ್ಕ್ಯಾನ್ ನಾರ್ಮಲ್ ಇದೆ ಎಂದು ನಿಶ್ಚಿಂತರಾಗಬೇಡಿ. ಅಭಿಧಮನಿಗಳನ್ನೇ ಚಿತ್ರಿಸುವ ಎಂ.ಆರ್. ವೀನೋಗ್ರಾಮ್ ಅಥವಾ ಸಿ.ಟಿ. ವೀನೋಗ್ರಾಮ್ ಆಗಬೇಕು. ಅದು ಬೇಕೇ ಎಂದು ವೈದ್ಯರನ್ನು ಕೇಳುವ ಹಕ್ಕು ನಿಮಗಿದೆ.

ಔಷಧ ಚಿಕಿತ್ಸೆ

ಇದರ ಮುಖ್ಯ ಔಷಧ ಹೆಪಾರಿನ್. ರಕ್ತ ಮತ್ತಷ್ಟು ಹೆಪ್ಪುಗಟ್ಟದಂತೆ ತಡೆಯುವ ಚುಚ್ಚುಮದ್ದು ಇದು. ಅದು ತಡೆದು ನಿಂತರೆ ಹಳೆಯ ಹೆಪ್ಪನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಮಿದುಳಿನಲ್ಲಿ ರಕ್ತಸ್ರಾವ ಆಗಿದೆ ಎಂದು ಸ್ಕ್ಯಾನ್ ಹೇಳುತ್ತಿರುವಾಗಲೂ ಈ ಔಷಧ ಕೊಡುತ್ತೇವೆ ಎಂದರೆ ಬಂಧುಗಳು ಬೆಚ್ಚಿಬೀಳುತ್ತಾರೆ. ರಕ್ತ ಸೋರುತ್ತಿರುವಾಗ ರಕ್ತ ತೆಳು ಮಾಡುವುದೇ? ಬಚ್ಚಲಿನ ಉದಾಹರಣೆಯನ್ನೇ ನೆನೆಯಿರಿ. ಗೋಡೆಗೆ ನೀರು ಇಳಿದದ್ದು ಬಚ್ಚಲು ಕಟ್ಟಿದ್ದರಿಂದ. ಬಚ್ಚಲು ಬಿಡಿಸಿದರೆ ಗೋಡೆಯೂ ಒಣಗುತ್ತದೆ.

ಈ ಧೈರ್ಯ ವೈದ್ಯರಿಗೆ ಬಂದದ್ದು 1991ರಲ್ಲಿ. ಜರ್ಮನಿಯಲ್ಲಿ 20 ರೋಗಿಗಳನ್ನು ಎರಡು ಗುಂಪು ಮಾಡಿ, ಹತ್ತು ಮಂದಿಗೆ ಹೆಪಾರಿನ್ ಕೊಟ್ಟರು, ಹತ್ತು ಮಂದಿಗೆ ಕೊಡಲಿಲ್ಲ. ಕೊಡದವರಲ್ಲಿ ಮೂವರು ಸತ್ತರು, ಒಬ್ಬರು ಮಾತ್ರ ಪೂರ್ತಿ ಗುಣವಾದರು. ಕೊಟ್ಟವರಲ್ಲಿ ಯಾರೂ ಸಾಯಲಿಲ್ಲ, ಎಂಟು ಮಂದಿ ಪೂರ್ತಿ ಗುಣವಾದರು. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಮುಂದೆ ನಿಮ್ಹಾನ್ಸ್‌ನ ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಬಾಣಂತಿಯರಲ್ಲಿಯೇ ಅಲ್ಪ ಪ್ರಮಾಣದ ಹೆಪಾರಿನ್ನಿನ ಪ್ರಯೋಜನವನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು.

ಹೆಪಾರಿನ್ ನಂತರ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಮಾತ್ರೆ ನುಂಗಬೇಕಾಗುತ್ತದೆ. ಹಾಲೂಡುವ ತಾಯಂದಿರಿಗೆ ವಾರ್ಫರಿನ್ ಹೊಂದುತ್ತದೆ. ಹೆಪಾರಿನ್ ಆಗಲಿ ವಾರ್ಫರಿನ್ ಆಗಲಿ ಎದೆಹಾಲಿನ ಮೂಲಕ ಮಗುವಿಗೆ ತೊಂದರೆ ಮಾಡುವುದಿಲ್ಲ. ಆದ್ದರಿಂದ ಈ ಔಷಧಗಳ ಹೆದರಿಕೆಯಿಂದ ಹಾಲು ಬಿಡಿಸಬೇಡಿ. ಆದರೆ ವಾರ್ಫರಿನ್ ತೆಗೆದುಕೊಳ್ಳುವಾಗ ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸುತ್ತಿರಬೇಕು. ಆ ಅವಧಿಯಲ್ಲಿ ಮತ್ತೆ ಬಸುರಾಗಬಾರದು, ಏಕೆಂದರೆ ಈ ಮಾತ್ರೆ ಭ್ರೂಣಕ್ಕೆ ಹಾನಿಕರ. ಚೆನ್ನಾಗಿದ್ದೇನೆ ಎಂದು ನೀವಾಗಿಯೇ ಮಾತ್ರೆ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಶಸ್ತ್ರಚಿಕಿತ್ಸೆ ಯಾವಾಗ?

ಬಹುಪಾಲು ರೋಗಿಗಳಿಗೆ ಔಷಧವೇ ಸಾಕು. ಆದರೆ ಕೆಲವರಲ್ಲಿ ಔಷಧ ಕೆಲಸ ಮಾಡುವಷ್ಟರಲ್ಲಿ ಮಿದುಳು ವಿಪರೀತ ಊದಿ, ಪ್ರಜ್ಞೆ ತಪ್ಪತೊಡಗುತ್ತದೆ. ತಲೆಬುರುಡೆ ಗಟ್ಟಿ ಡಬ್ಬಿ. ಊದಿದ ಮಿದುಳಿಗೆ ಹಿಗ್ಗಲು ಜಾಗವಿಲ್ಲ. ಆಗ ನರಶಸ್ತ್ರವೈದ್ಯರು ಬುರುಡೆಯ ಒಂದು ಪಕ್ಕದ ಮೂಳೆಯನ್ನು ದೊಡ್ಡದಾಗಿ ಕತ್ತರಿಸಿ ತೆಗೆದು, ಮಿದುಳಿನ ಹೊದಿಕೆಯನ್ನು ಬಿಡಿಸಿ ಜಾಗ ಮಾಡಿಕೊಡುತ್ತಾರೆ. ತೆಗೆದ ಮೂಳೆಯನ್ನು ಹೊಟ್ಟೆಯ ಚರ್ಮದ ಕೆಳಗೆ ಅಥವಾ ಶೀತಲ ಪೆಟ್ಟಿಗೆಯಲ್ಲಿ ಕಾದಿರಿಸಿ, ಕೆಲವು ವಾರ ಅಥವಾ ತಿಂಗಳುಗಳ ನಂತರ ಮತ್ತೆ ಕೂರಿಸುತ್ತಾರೆ.

ಬಾಣಂತಿಯ ತಲೆಬುರುಡೆ ತೆಗೆಯುತ್ತಾರಂತೆ ಎಂದು ಕೇಳಿ ಮನೆಯವರು ಸಹಿ ಹಾಕಲು ಹಿಂಜರಿಯುತ್ತಾರೆ. ಊರಿಂದ ಹಿರಿಯರು ಬರಲಿ ಎನ್ನುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಇದು ಕೈಚೆಲ್ಲಿ ಮಾಡುವ ಶಸ್ತ್ರಕ್ರಿಯೆಯಲ್ಲ. ಹೀಗೆ ಶಸ್ತ್ರಕ್ರಿಯೆಯಾದ 69 ತೀವ್ರ ರೋಗಿಗಳ ವಿವರವನ್ನು ಹಲವು ದೇಶಗಳಿಂದ ಕಲೆಹಾಕಿ 2011ರಲ್ಲಿ ಪ್ರಕಟಿಸಲಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇನ್ನೊಬ್ಬರ ನೆರವಿಲ್ಲದೆ ಬದುಕುವ ಸ್ಥಿತಿಗೆ ಮರಳಿದ್ದರು. ಸಾವಿನ ಹೊಸ್ತಿಲಲ್ಲಿದ್ದವರು ಇವರು ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ. ಇಲ್ಲಿ ಗಂಟೆಗಳ ಲೆಕ್ಕ. ಹಿರಿಯರು ಬಸ್ಸು ಹಿಡಿದು ಬರುವವರೆಗೆ ಮಿದುಳು ಕಾಯುವುದಿಲ್ಲ. ಫೋನಿನಲ್ಲಿ ಮಾತಾಡಿ ಸಹಿ ಹಾಕಿ.

ತೊಡೆಯ ಸಂದಿಯಿಂದ ಸಣ್ಣ ನಳಿಕೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವ ವಿಧಾನವೂ ಇದೆ. ಅಪಧಮನಿಯ ಲಕ್ವದಲ್ಲಿ ಇದು ಅದ್ಭುತ ಫಲ ಕೊಟ್ಟಿದೆ. ಆದರೆ ಅಭಿಧಮನಿಯ ಈ ಕಾಯಿಲೆಯಲ್ಲಿ ಎಲ್ಲರಿಗೂ ಇದರಿಂದ ಹೆಚ್ಚಿನ ಲಾಭವಿಲ್ಲ ಎಂದು 2020ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಔಷಧಕ್ಕೆ ಬಗ್ಗದ ಕೆಲವರಿಗೆ ಮಾತ್ರ ತಜ್ಞರು ಇದನ್ನು ಆರಿಸುತ್ತಾರೆ. ಹೊಸದೆಲ್ಲ ಉತ್ತಮವೆಂದೂ, ದುಬಾರಿಯಾದದ್ದೆಲ್ಲ ಒಳ್ಳೆಯದೆಂದೂ ತಿಳಿಯಬೇಕಿಲ್ಲ.

ಆಗಬೇಕಾದದ್ದೇನು?

ಕರ್ನಾಟಕದಲ್ಲಿ ನೂರಕ್ಕೆ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿವೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಹೆಮ್ಮೆಯ ವಿಷಯ. ಆದರೆ ಈ ಕಾಯಿಲೆ ಬಹುಪಾಲು ಬರುವುದು ತಾಯಿ ಮನೆಗೆ ಹೋದ ಮೇಲೆ. ಮನೆಗೆ ಕಳಿಸುವಾಗ ಕೊಡುವ ಚೀಟಿಯಲ್ಲಿ ಮಗುವಿನ ಲಸಿಕೆಯ ತಾರೀಖು ಇರುತ್ತದೆ, ಕಬ್ಬಿಣಾಂಶದ ಮಾತ್ರೆ ಇರುತ್ತದೆ. ಅದರಲ್ಲಿ ಇನ್ನೆರಡು ಸಾಲು ಕನ್ನಡದಲ್ಲಿ ಮುದ್ರಿಸಲು ಎಷ್ಟು ಖರ್ಚು? “ಬಾಯಾರಿದಷ್ಟು ನೀರು ಕುಡಿಯಿರಿ. ಹೆಚ್ಚುತ್ತಿರುವ ತಲೆನೋವು, ವಾಂತಿ, ಫಿಟ್ಸ್ ಕಂಡರೆ ಕೂಡಲೇ ಬನ್ನಿ.” ಇಷ್ಟೇ ಸಾಕು.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರುತ್ತಾರೆ. ಕಾಯಿಲೆಯ ಅಪಾಯದ ದಿನಗಳೂ ಹೆಚ್ಚುಕಡಿಮೆ ಇವೇ. ಮಗುವನ್ನು ತೂಗಿ ನೋಡುವ ಆಕೆ ತಾಯಿಯನ್ನು, “ತಲೆನೋವಿದೆಯೇನಮ್ಮಾ? ನೀರು ಕೊಡ್ತಾರಾ?” ಎಂದು ಪ್ರತಿ ಸಲ ಕೇಳುವಂತಾಗಬೇಕು. ಅತ್ತೆಯ ಎದುರು, ಅಮ್ಮನ ಎದುರು ಸೊಸೆ, ಮಗಳು ಹೇಳಿಕೊಳ್ಳಲಾಗದ ಮಾತನ್ನು ಹೊರಗಿನಿಂದ ಬಂದವಳು ಕೇಳಿದರೆ ಅದಕ್ಕೆ ತೂಕ ಬರುತ್ತದೆ.

ಕೊನೆಯದಾಗಿ ಗಂಡನ ಮನೆಯವರಿಗೆ. ಫಿಟ್ಸ್ ಬಂದವಳು, ತಲೆ ಆಪರೇಷನ್ ಆದವಳು ಎಂದು ಗುಣವಾದ ಸೊಸೆಯನ್ನು ತವರಿನಲ್ಲಿಯೇ ಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಇದು ವಂಶಕ್ಕೆ ಅಂಟುವ ಶಾಪವಲ್ಲ. ಆಗಲೇ ಹೇಳಿದ 624 ರೋಗಿಗಳ ಅಧ್ಯಯನದಲ್ಲಿ ನೂರಕ್ಕೆ 79 ಮಂದಿ ಪೂರ್ತಿ ಅಥವಾ ಬಹುತೇಕ ಪೂರ್ತಿ ಗುಣವಾದರು. ಹೆಚ್ಚಿನವರು ಮುಂದೆ ಮತ್ತೊಂದು ಮಗುವನ್ನೂ ಹೆರಬಹುದು. ಆದರೆ ಬಸುರಾಗುವ ಮೊದಲೇ ತಜ್ಞರನ್ನು ಕಾಣಬೇಕು, ಅವರು ಹೇಳಿದರೆ ಬಸುರಿ ಬಾಣಂತನದಲ್ಲಿ ಹೆಪಾರಿನ್ ಚುಚ್ಚಿಸಿಕೊಳ್ಳಬೇಕು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆಯನ್ನು ಮಾತ್ರ ಮತ್ತೆಂದೂ ಮುಟ್ಟಬಾರದು. ಬೇರೆ ವಿಧಾನಗಳಿವೆ.

ಹೆಣ್ಣಿಗೆ ಹೆರಿಗೆಯೆಂದರೆ ಮರುಹುಟ್ಟು ಎನ್ನುತ್ತೇವೆ. ಮರುಹುಟ್ಟು ಪಡೆದವಳನ್ನು ಹದಿನೈದು ದಿನಗಳಲ್ಲಿ ಕಳೆದುಕೊಳ್ಳುವುದು ಬೇಡ. ನಿಮ್ಮ ಮನೆಯಲ್ಲಿ ಈಗ ಬಾಣಂತಿ ಇದ್ದರೆ ಈ ಪತ್ರಿಕೆಯನ್ನು ಕೆಳಗಿಟ್ಟು ಒಳಗೆ ಹೋಗಿ. ತಲೆನೋವು ಇದೆಯೇ ಎಂದು ಕೇಳಿ. ಕೈಯಲ್ಲಿ ಒಂದು ಲೋಟ ನೀರು ಇರಲಿ.